ಮೂರು ಅನಾರ್ಕಲಿಗಳ ಸುಲೋಚನಾ

ಕನ್ನಡ ಚಲನಚಿತ್ರದ ಚರಿತ್ರೆಯನ್ನು ಅಷ್ಟಿಷ್ಟು ಓದಿಕೊಂಡವರಿಗೆ ಸುಲೋಚನಾ ಎಂದೊಡನೆ ನೆನಪಾಗುವುದು 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’. ನನ್ನ ಮಟ್ಟಿಗೂ ಬಹಳ ಕಾಲ ಆ ಹೆಸರಿಗೆ ಇಂದ್ರಜಿತುವಿನ ಹೆಂಡತಿಯ ಹೊರತು ಬೇರೆ ಅರ್ಥವಿರಲಿಲ್ಲ. ದೂರದರ್ಶನದಲ್ಲಿ 1953ರ ‘ಅನಾರ್ಕಲಿ’ಯನ್ನು ನೋಡಿದಾಗ ಅನಾರ್ಕಲಿಯ ಪ್ರಿಯಕರನೂ ಅಕ್ಬರನ ಮಗನೂ ಆದ ಸಲೀಮನ ತಾಯಿಯ ಪಾತ್ರ ಮಾಡಿದವರ ಬಗ್ಗೆ ಕುತೂಹಲ ಹುಟ್ಟಿ, ಅವರ ಹೆಸರು ಸುಲೋಚನಾ ಎಂದೂ, ಮೂಕಿ ಚಿತ್ರಗಳ ಕಾಲದಲ್ಲಿ ಇದೇ ಕಥೆಯ ನಾಯಕಿಯಾಗಿದ್ದವರು ಎಂದೂ ತಿಳಿದ ಮೇಲೆ, ಅವರನ್ನು ಕುರಿತು ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಅವರ ಬಗೆಗಿನ ಬರಹಗಳಲ್ಲಿ ಹೆಚ್ಚಿನವು ‘ಮಾತು ಬಂದ ಮೇಲೆ ಮರೆಯಾದ ತಾರೆ’ ಎಂಬ ಧಾಟಿಯಲ್ಲಿಯೇ ಮುಗಿಯುತ್ತವೆ. ನನಗೆ ಅದು ಸರಿಯೆನಿಸುವುದಿಲ್ಲ.

ಸುಲೋಚನಾ ಎಂಬುದು ಚಿತ್ರರಂಗ ಕೊಟ್ಟ ಹೆಸರು. 1907ರಲ್ಲಿ ಪುಣೆಯಲ್ಲಿ, ಬಾಗ್ದಾದಿ ಯಹೂದಿ ಸಮುದಾಯದ ಕುಟುಂಬವೊಂದರಲ್ಲಿ ಹುಟ್ಟಿದ ಅವರ ನಿಜವಾದ ಹೆಸರು ರೂಬಿ ಮೈಯರ್ಸ್. ಟೆಲಿಫೋನ್ ಆಪರೇಟರ್ ಆಗಿ ಕೆಲಸ ಮಾಡುತ್ತಿದ್ದ ಈ ತರುಣಿಯನ್ನು ಕೊಹಿನೂರ್ ಫಿಲ್ಮ್ ಕಂಪನಿಯ ಮೋಹನ್ ಭವ್ನಾನಿ ಸಿನಿಮಾಕ್ಕೆ ಕರೆದಾಗ ರೂಬಿ ಮೊದಲು ಒಪ್ಪಲಿಲ್ಲ. ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ಕ್ಯಾಮೆರಾದ ಮುಂದೆ ನಿಲ್ಲುವುದನ್ನು ಸಮಾಜ ಸಹಿಸದಿದ್ದ ಕಾಲವದು. ಭವ್ನಾನಿ ಪಟ್ಟು ಬಿಡದೆ ಕೇಳಿದ್ದರಿಂದ ಕೊನೆಗೆ ಒಪ್ಪಿದರು. (ಇದೇ ಭವ್ನಾನಿಯವರು ಮೂಕಿ ಯುಗದ ಕೊನೆಯಲ್ಲಿ ಮೃಚ್ಛಕಟಿಕದ ಕಥೆಯನ್ನು ತೆರೆಗೆ ತಂದಾಗ ಅದರಲ್ಲಿ ನಮ್ಮ ಟಿ. ಪಿ. ಕೈಲಾಸಂ ಮತ್ತು ಕಮಲಾದೇವಿ ಚಟ್ಟೋಪಾಧ್ಯಾಯರು ಅಭಿನಯಿಸಿದ್ದರು.)

ಟೆಲಿಫೋನಿನ ಕೆಲಸದಲ್ಲಿ ಕೇಳುವವರಿಗೆ ರೂಬಿಯ ದನಿ ಮಾತ್ರ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಸಿನಿಮಾಕ್ಕೆ ಬಂದ ಮೇಲೆ ಊರೂರಿಗೂ ಮುಖ ಗೊತ್ತಾಯಿತು, ದನಿಯನ್ನು ಯಾರೂ ಕೇಳುವಂತಿರಲಿಲ್ಲ. ಅವರ ಬದುಕಿನ ಗತಿಯೆಲ್ಲ ಈ ಅದಲುಬದಲಿನ ಸುತ್ತಲೇ ಸಾಗಿದೆ. ಇಂಗ್ಲಿಷ್ ಬಲ್ಲ, ಹಿಂದುಸ್ತಾನಿಯಲ್ಲಿ ಪಳಗಿರದ ಹುಡುಗಿಯೊಬ್ಬಳು ಇಡೀ ದೇಶದ ನಾಯಕಿಯಾಗಲು ಸಾಧ್ಯವಾದದ್ದೇ ಮೂಕಿಯಲ್ಲಿ ಭಾಷೆಯ ಹಂಗಿಲ್ಲದ ಕಾರಣದಿಂದ. ಚಿತ್ರದ ನಡುನಡುವೆ ಬರುತ್ತಿದ್ದ ಬರಹದ ಫಲಕಗಳನ್ನು ಪ್ರದರ್ಶನದ ಪ್ರಾಂತ್ಯಕ್ಕೆ ತಕ್ಕಂತೆ ಎರಡು ಮೂರು ಭಾಷೆಗಳಲ್ಲಿ ಬರೆಸುತ್ತಿದ್ದರು. ಓದುಬಾರದವರಿಗಾಗಿ ಅನೇಕ ಕಡೆ ಒಬ್ಬರು ನಿಂತು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ನಟಿಯ ಪಾಲಿಗೆ ಉಳಿಯುತ್ತಿದ್ದದ್ದು ಕಣ್ಣು, ಹುಬ್ಬು, ಕೈ, ನಡಿಗೆ. ಆ ಕಾಲದ ಫಿಲ್ಮಿನ ಸುರುಳಿ ಕೆಂಪನ್ನು ಗ್ರಹಿಸದೆ ಕಪ್ಪಾಗಿ ತೋರಿಸುತ್ತಿತ್ತು, ತಿಳಿನೀಲಿಯನ್ನು ಬಿಳಿಚಿಸುತ್ತಿತ್ತು. ಅಂಥ ಚಿತ್ರಿಕೆಯಲ್ಲಿ ಮುಖದ ಸೂಕ್ಷ್ಮವನ್ನು ಪ್ರೇಕ್ಷಕನಿಗೆ ಮುಟ್ಟಿಸುವ ಭಾರವೆಲ್ಲ ಕಣ್ಣಿನ ಮೇಲೆಯೇ ಬೀಳುತ್ತಿತ್ತು. ಚೆಲುವಾದ ಕಣ್ಣುಳ್ಳವಳು ಎಂಬ ಅರ್ಥದ ಹೆಸರನ್ನೇ ಅವರಿಗೆ ಇಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಯಹೂದಿ ಮತ್ತು ಆಂಗ್ಲೋ-ಇಂಡಿಯನ್ ಹುಡುಗಿಯರಿಗೆ ಹಿಂದೂ ಹೆಸರಿಡುವುದು ಆಗಿನ ರೂಢಿಯಾಗಿತ್ತು. ರೆನೀ ಸ್ಮಿತ್ ಎಂಬಾಕೆ ಸೀತಾದೇವಿಯಾಗಿ ಪ್ರಸಿದ್ಧರಾದದ್ದೂ ಹೀಗೆಯೇ.

1926ರಿಂದ ಮುಂದಿನ ನಾಲ್ಕೈದು ವರ್ಷಗಳು ಅವರದೇ. ‘ಸಿನಿಮಾ ಕ್ವೀನ್’, ‘ಟೆಲಿಫೋನ್ ಗರ್ಲ್’, ‘ಟೈಪಿಸ್ಟ್ ಗರ್ಲ್’ ಎಂಬ ಚಿತ್ರಗಳ ಹೆಸರುಗಳನ್ನು ಒಟ್ಟಿಗೆ ಓದಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ: ಪುರಾಣದ ಪತಿವ್ರತೆಯರೇ ತುಂಬಿದ್ದ ತೆರೆಯ ಮೇಲೆ ಸುಲೋಚನಾ ಸಂಬಳಕ್ಕೆ ದುಡಿಯುವ ಪಟ್ಟಣದ ಹೆಣ್ಣಾಗಿ ಬಂದರು. ಟೈಪ್‌ರೈಟರಿನ ಮುಂದೆ, ಟೆಲಿಫೋನಿನ ಮುಂದೆ ಕುಳಿತ ಹೆಣ್ಣನ್ನು ನಾಯಕಿಯಾಗಿ ತೋರಿಸುವ ಧೈರ್ಯ ಆ ಕಾಲಕ್ಕೆ ಸಣ್ಣದಲ್ಲ, ಅದರಲ್ಲೂ ಅಂಥ ಕೆಲಸವನ್ನು ನಿಜವಾಗಿ ಮಾಡಿ ಬಂದವರೇ ಆ ಪಾತ್ರದಲ್ಲಿದ್ದರು. ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಫಿಲ್ಮ್ ಕಂಪನಿಗೆ ಸೇರಿದ ಮೇಲೆ 1927ರ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’ಯಲ್ಲಿ ಅವರು ಎಂಟು ವೇಷಗಳನ್ನು ಧರಿಸಿದರು. ಪೊಲೀಸಿನವ, ತೋಟದ ಮಾಲಿ, ಹೈದರಾಬಾದಿನ ಗೃಹಸ್ಥ, ಬಾಳೆಹಣ್ಣು ಮಾರುವ ಮುದುಕಿ, ಬೀದಿಯ ಪೋರ, ಯುರೋಪಿನ ಹೊಂಗೂದಲ ಹೆಂಗಸು ಹೀಗೆ ಗಂಡಸರ ವೇಷಗಳೂ ಅದರಲ್ಲಿದ್ದವು. ಗಂಡಸರೇ ಹೆಣ್ಣಿನ ಪಾತ್ರ ಮಾಡುತ್ತಿದ್ದ ಕಾಲ ಇನ್ನೂ ಪೂರ್ತಿ ಸರಿದಿರಲಿಲ್ಲವೆಂಬುದನ್ನು ನೆನೆದರೆ ಈ ಚಿತ್ರದ ತೂಕ ತಿಳಿಯುತ್ತದೆ.

ಮೊದಲನೆಯ ಅನಾರ್ಕಲಿ ಹುಟ್ಟಿದ್ದು ಪೈಪೋಟಿಯಿಂದ. ಲಾಹೋರಿನ ಇಮ್ತಿಯಾಜ್ ಅಲಿ ತಾಜ್ ಅವರ ನಾಟಕವನ್ನು ಆಧರಿಸಿ ಸೀತಾದೇವಿಯವರನ್ನು ನಾಯಕಿಯಾಗಿಸಿಕೊಂಡು ದೊಡ್ಡ ಚಿತ್ರವೊಂದು ತಯಾರಾಗುತ್ತಿದ್ದಾಗ, ಇಂಪೀರಿಯಲ್ ಕಂಪನಿಯವರು ಅದೇ ಕಥೆಯನ್ನು ಆರ್. ಎಸ್. ಚೌಧರಿಯವರ ನಿರ್ದೇಶನದಲ್ಲಿ ತರಾತುರಿಯಿಂದ ಚಿತ್ರಿಸಿ 1928ರಲ್ಲಿ ಮೊದಲೇ ಬಿಡುಗಡೆ ಮಾಡಿದರು. ಜನ ಸುಲೋಚನಾರ ಅನಾರ್ಕಲಿಗೆ ಮುಗಿಬಿದ್ದರು, ಎದುರಿನ ಚಿತ್ರ ಸೋತಿತು. ಈ ಗೆಲುವನ್ನು ನಾನು ಪೂರ್ತಿ ಮನಸ್ಸಿನಿಂದ ಮೆಚ್ಚಲಾರೆ, ಏಕೆಂದರೆ ಇನ್ನೊಬ್ಬರ ಶ್ರಮದ ಮೇಲೆ ನಡೆದ ವ್ಯಾಪಾರದ ದಾಳಿಯಂತೆ ಅದು ಕಾಣುತ್ತದೆ. ಆದರೂ ಅದೇ ಕಥೆ, ಅದೇ ಕಾಲ, ಇಬ್ಬರು ನಟಿಯರು ಇದ್ದಾಗ ಪ್ರೇಕ್ಷಕರು ಯಾರನ್ನು ನೋಡಲು ಹೋದರು ಎಂಬುದಕ್ಕೆ ಅದೊಂದು ಸಾಕ್ಷಿ. ಆಗ ಅವರ ತಿಂಗಳ ಸಂಬಳ 5,000 ರೂಪಾಯಿ, ಅದು ಮುಂಬಯಿ ಗವರ್ನರರ ಸಂಬಳಕ್ಕಿಂತಲೂ ಹೆಚ್ಚು ಎಂಬ ಮಾತು ಹರಡಿತ್ತು. ಗವರ್ನರರ ಲೆಕ್ಕ ಹೇಗೇ ಇರಲಿ, ನಟಿಯೊಬ್ಬಳನ್ನು ಗವರ್ನರರ ಜೊತೆ ಹೋಲಿಸಿ ಜನ ಮಾತನಾಡಿಕೊಂಡದ್ದೇ ನನಗೆ ಮುಖ್ಯವೆನಿಸುತ್ತದೆ.

1931ರ ಮಾರ್ಚ್ 14ರಂದು ಭಾರತದ ಮೊದಲ ವಾಕ್ಚಿತ್ರ ‘ಆಲಂ ಆರಾ’ ತೆರೆಕಂಡಿತು. ಅದನ್ನು ಮಾಡಿದವರು ಇರಾನಿ, ಕಂಪನಿ ಇಂಪೀರಿಯಲ್. ಆ ಕಂಪನಿಯ ಅತಿ ದೊಡ್ಡ ತಾರೆ ಸುಲೋಚನಾ, ನಾಯಕಿಯಾದವರು ಮಾತ್ರ ಜುಬೇದಾ. ರೈಲಿನ ಸದ್ದು ತಾಗದಿರಲೆಂದು ರಾತ್ರಿ ಹೊತ್ತಿನಲ್ಲಿ, ಮೈಕನ್ನು ಮರೆಮಾಡಿ, ನಟರ ಮಾತನ್ನು ಅಲ್ಲಿಯೇ ಧ್ವನಿಮುದ್ರಿಸಿಕೊಂಡು ತಯಾರಿಸಿದ ಚಿತ್ರವದು. ಹಿನ್ನೆಲೆ ಗಾಯನದ ಉಪಾಯ ಇನ್ನೂ ಬಂದಿರಲಿಲ್ಲವಾದ್ದರಿಂದ ತೆರೆಯ ಮೇಲೆ ಹಾಡುವವರೇ ನಿಜವಾಗಿಯೂ ಹಾಡಬೇಕಿತ್ತು. ಹಿಂದುಸ್ತಾನಿಯ ಉಚ್ಚಾರವೇ ಹಿಡಿತದಲ್ಲಿಲ್ಲದವರಿಗೆ ಅಲ್ಲಿ ಜಾಗವಿರಲಿಲ್ಲ. ತಾನು ಬೆಳೆಸಿದ ಮನೆಯಲ್ಲಿಯೇ ಹಬ್ಬ ನಡೆಯುತ್ತಿರುವಾಗ ಹೊರಗೆ ನಿಲ್ಲಬೇಕಾಗಿ ಬಂದ ಆ ತಿಂಗಳುಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಹೆಚ್ಚಿನ ಬರಹಗಳು ಅವರನ್ನು ಇಲ್ಲಿಯೇ ಬಿಟ್ಟುಬಿಡುತ್ತವೆ. ಆದರೆ ಅವರು ಮಾಡಿದ್ದೇನೆಂದರೆ, ಸುಮಾರು ಒಂದು ವರ್ಷ ಚಿತ್ರಗಳಿಂದ ದೂರವಿದ್ದು ಹಿಂದುಸ್ತಾನಿಯನ್ನು ಕಲಿತರು. ಕೀರ್ತಿಯ ಶಿಖರದಲ್ಲಿದ್ದವರು ವಿದ್ಯಾರ್ಥಿನಿಯಾಗಿ ಕುಳಿತು, ನಾಲಿಗೆ ತಿರುಗದ ಅಕ್ಷರಗಳನ್ನು ತಿದ್ದಿಕೊಂಡು ಮರಳಿ ಬಂದರು. 1932ರಲ್ಲಿ ತಮ್ಮದೇ ಮೂಕಿ ‘ಮಾಧುರಿ’ಯನ್ನು ಮಾತಿನೊಡನೆ ಮತ್ತೆ ಅಭಿನಯಿಸಿದರು. 1929ರ ‘ಇಂದಿರಾ ಬಿ.ಎ.’ 1934ರಲ್ಲಿ ‘ಇಂದಿರಾ ಎಂ.ಎ.’ ಆಯಿತು, ಐದು ವರ್ಷಗಳಲ್ಲಿ ನಾಯಕಿಯ ಪದವಿಯೂ ಮೇಲೇರಿತ್ತು. 1935ರಲ್ಲಿ ಅದೇ ಚೌಧರಿಯವರ ನಿರ್ದೇಶನದಲ್ಲಿ ಎರಡನೆಯ ‘ಅನಾರ್ಕಲಿ’ ಬಂದಿತು, ಮರುವರ್ಷ ಎಂಟು ವೇಷಗಳ ಚಿತ್ರ ‘ಬಂಬಯಿ ಕಿ ಬಿಲ್ಲಿ’ ಎಂಬ ಹೆಸರಿನಲ್ಲಿ ಮರುಹುಟ್ಟು ಪಡೆಯಿತು. ಡಿ. ಬಿಲಿಮೋರಿಯಾ ಅವರೊಡನೆ ಜೋಡಿಯಾಗಿ 1930ರ ದಶಕವನ್ನು ಆಳಿದ ನಟಿಯನ್ನು ಮಾತಿನ ಮುಂದೆ ಸೋತವರು ಎಂದು ಕರೆಯಲು ನಾನು ಒಪ್ಪುವುದಿಲ್ಲ. ಆ ದಶಕದ ನಡುವೆ ರೂಬಿ ಪಿಕ್ಸ್ ಎಂಬ ಸ್ವಂತ ಸಂಸ್ಥೆಯನ್ನೂ ಕಟ್ಟಿದರು. ಅದು ದೊಡ್ಡದಾಗಿ ಬೆಳೆಯಲಿಲ್ಲ.

1938ರಲ್ಲಿ ಇಂಪೀರಿಯಲ್ ಮುಚ್ಚಿತು. ಹೊಸ ಮುಖಗಳು, ಹಾಡಬಲ್ಲ ಕೊರಳುಗಳು ಬಂದವು. ಸುಲೋಚನಾ ಪೋಷಕ ಪಾತ್ರಗಳಿಗೆ ಸರಿದರು. ಹಾಗೆ ಬಂದದ್ದು ಬೀನಾ ರಾಯ್ ನಾಯಕಿಯಾಗಿದ್ದ 1953ರ ‘ಅನಾರ್ಕಲಿ’, ಅವರ ಪಾಲಿಗೆ ಮೂರನೆಯದು. ಮೂಕಿಯಲ್ಲಿ ಮತ್ತು ಟಾಕಿಯಲ್ಲಿ ಸಲೀಮನ ಪ್ರೇಯಸಿಯಾಗಿದ್ದವರು ಈಗ ಅವನ ತಾಯಿ. ಸಣ್ಣ ಪಾತ್ರಗಳನ್ನು ಅವರು ಕೊನೆಯವರೆಗೂ ಬೇಡವೆನ್ನಲಿಲ್ಲ. 1973ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ದೇವಿಕಾ ರಾಣಿಯವರ ನಂತರ ಆ ಗೌರವ ಪಡೆದ ಎರಡನೆಯ ಮಹಿಳೆ ಅವರು. 1983ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ಭಾರತದಲ್ಲಿ ತಯಾರಾದ ಸಾವಿರಕ್ಕೂ ಹೆಚ್ಚು ಮೂಕಿ ಚಿತ್ರಗಳಲ್ಲಿ ಉಳಿದಿರುವವು ಬೆರಳೆಣಿಕೆಯಷ್ಟು. ಬೆಂಕಿಗೆ ಥಟ್ಟನೆ ತುತ್ತಾಗುವ, ಕಾಲಕಳೆದಂತೆ ತಾನಾಗಿಯೇ ಪುಡಿಯಾಗುವ ನೈಟ್ರೇಟ್ ಸುರುಳಿಗಳನ್ನು ಕಾಪಾಡಬೇಕೆಂದು ಯಾರಿಗೂ ಅನಿಸಿರಲಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ. ಸುಲೋಚನಾ ಎಂಬ ಹೆಸರನ್ನು ತಂದುಕೊಟ್ಟ ಆ ಕಣ್ಣುಗಳನ್ನು ನಾನು ಕಂಡಿರುವುದು ಹಳೆಯ ಸ್ಥಿರಚಿತ್ರಗಳಲ್ಲಿ ಮಾತ್ರ. ಮೂರನೆಯ ‘ಅನಾರ್ಕಲಿ’ ಮಾತ್ರ ಈಗಲೂ ನೋಡಲು ಸಿಗುತ್ತದೆ. ಅದರಲ್ಲಿ ಅಕ್ಬರನ ಅರಮನೆಯ ರಾಣಿಯಾಗಿ ಅವರು ಮಗನ ಪರವಾಗಿ ಆಡುವ ಮಾತುಗಳೆಲ್ಲ, ಅವರು ಬಹಳ ಶ್ರಮಪಟ್ಟು ಕಲಿತುಕೊಂಡ ಹಿಂದುಸ್ತಾನಿಯಲ್ಲಿವೆ.