ಇಳಕಲ್ಲಿನ ಪಾಳುಬಿದ್ದ ಕ್ವಾರಿಯ ದಾರಿ

ಇಳಕಲ್ ಎಂದೊಡನೆ ಹೊರಗಿನವರಿಗೆ ಸೀರೆ ನೆನಪಾಗುತ್ತದೆ. ಕಟ್ಟಡದ ಕೆಲಸ ಬಲ್ಲವರಿಗೆ ಅಲ್ಲಿಯ ನಸುಗೆಂಪು ಗ್ರಾನೈಟ್. ಆ ಕಲ್ಲನ್ನು ತೆಗೆದು ಬಿಟ್ಟುಹೋದ ಗುಡ್ಡವೊಂದಕ್ಕೆ ಕಳೆದ ಭಾನುವಾರ, ಜಾಗದ ಒಡೆಯರ ಒಪ್ಪಿಗೆ ಪಡೆದು, ನನ್ನ ಹಳೆಯ ಫೋರ್ ವೀಲ್ ಜೀಪನ್ನು ಹತ್ತಿಸಿದೆ. ಹಿಂದೆ ಅಲ್ಲಿಯೇ ಡ್ರಿಲ್ ಹಿಡಿದು ದುಡಿದಿದ್ದ ಕಾಕಾ ಒಬ್ಬರು ಜೊತೆಗಿದ್ದರು.

ಒಂದು ಘನ ಮೀಟರ್ ಗ್ರಾನೈಟ್ ಸಾಮಾನ್ಯವಾಗಿ 2.6 ಟನ್‌ಗಿಂತ ಕಡಿಮೆ ತೂಗುವುದಿಲ್ಲ. ಮೂರು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಅಷ್ಟೇ ಎತ್ತರದ ಒಂದು ದಿಮ್ಮಿಯೆಂದರೆ ಸುಮಾರು 18 ಟನ್. ಅಂಥದ್ದನ್ನು ಹೊತ್ತ ಲಾರಿಯ ಬ್ರೇಕ್ ಕಾಯದಿರಲೆಂದು ದಾರಿಯನ್ನು ಗುಡ್ಡದ ಸುತ್ತ ಬಳಸಿ ಬಳಸಿ ಕಡಿದಿದ್ದಾರೆ. ಆದ್ದರಿಂದ ಏರು ಕಷ್ಟವಲ್ಲ. ಕಷ್ಟವೆಲ್ಲ ಮಳೆನೀರು ತೋಡಿದ ಕೊರಕಲುಗಳದು. ಕೊರಕಲು ಎಡಬಲ ಗಾಲಿಗಳ ನಡುವೆ ಬರುವಂತೆ ಹಿಡಿದು, ವೇಗ ತಗ್ಗಿಸಿ ಬಲ ಹೆಚ್ಚಿಸುವ ಲೋ ರೇಂಜಿನ ಮೊದಲ ಗೇರಿನಲ್ಲಿ ನಡಿಗೆಯ ವೇಗದಲ್ಲಿ ಸಾಗಿದೆವು.

ನೆತ್ತಿಯಲ್ಲಿ ಕಲ್ಲಿನ ಗೋಡೆ, ಅದರ ಬುಡದಲ್ಲಿ ಹಸಿರು ನೀರು. ಗೋಡೆಯುದ್ದಕ್ಕೂ ಕೊಳವೆ ಸೀಳಿಟ್ಟಂತೆ ಡ್ರಿಲ್ಲಿನ ಅರ್ಧ ತೂತುಗಳು: ತೂತಿನ ಸಾಲಿಗುಂಟ ಕಲ್ಲು ಸೀಳಿದಾಗ ಅರ್ಧ ದಿಮ್ಮಿಯೊಂದಿಗೆ ಹೋಗುತ್ತದೆ, ಅರ್ಧ ಗುಡ್ಡಕ್ಕೆ ಉಳಿಯುತ್ತದೆ. ಕಾಕಾ ಒಂದರಲ್ಲಿ ಹೆಬ್ಬೆರಳಿಟ್ಟು ಮೇಲಿನಿಂದ ಕೆಳಗೆ ಎಳೆದರು. ಫೋಟೋ ಚೆನ್ನಾಗಿ ಬರಲೆಂದು ನಾನು ಜೀಪನ್ನು ತ್ಯಾಜ್ಯ ಸುರಿದ ದಿಬ್ಬದ ಕಡೆಗೆ ತಿರುಗಿಸಿದಾಗ ಅವರು ಕೈ ಅಡ್ಡ ಹಿಡಿದರು: “ಅಂಚಿಗಿ ಒಯ್ಯಬ್ಯಾಡ್ರಿ ಸರ, ಒಳಗೆಲ್ಲ ಟೊಳ್ಳ ಐತಿ.” ಮೇಲ್ಮಟ್ಟ ಗಟ್ಟಿಯಾಗಿ ಕಂಡರೂ ಅದು ಸುರಿದ ಕಲ್ಲೇ ಹೊರತು ನೆಲವಲ್ಲ.

ನಾನು ತಪ್ಪಿದ್ದು ಟಯರಿನ ಗಾಳಿಯಲ್ಲಿ. ಮರಳಿನಲ್ಲಿ ಓಡಿಸಿದ ರೂಢಿಯಿಂದ 32 ಪಿಎಸ್‌ಐ ಇದ್ದದ್ದನ್ನು 18ಕ್ಕೆ ಇಳಿಸಿದ್ದೆ. ಗಾಳಿ ಇಳಿದ ಟಯರ್ ನೆಲವನ್ನು ಅಗಲವಾಗಿ ಹಿಡಿಯುತ್ತದೆ, ನಿಜ. ಆದರೆ ಅದರ ಪಕ್ಕೆ ಹೊರಗೆ ಉಬ್ಬುತ್ತದೆ, ಟಯರಿನಲ್ಲಿ ತೀರ ತೆಳುವಾದ ಭಾಗವೂ ಅದೇ. ಕ್ವಾರಿಯ ಚೂರು ಹೊಳೆಗಲ್ಲಿನಂತೆ ಸವೆದದ್ದಲ್ಲ, ಅದರ ಅಂಚು ಕುಡುಗೋಲಿನ ಬಾಯಿ. ಇಳಿಯುವಾಗ ಕೊನೆಯ ತಿರುವಿನಲ್ಲಿ ಹಿಂದಿನ ಎಡ ಟಯರ್ ಬುಸ್ಸೆಂದಿತು. 25ರ ಸುಮಾರಿಗೆ ಇಟ್ಟಿದ್ದರೆ ಬಹುಶಃ ಉಳಿಯುತ್ತಿತ್ತು.

ನಾನು ಜಾಕ್ ಏರಿಸುವಷ್ಟರಲ್ಲಿ ಕಾಕಾ ಸೀಳಿನಿಂದ ಚೂರನ್ನು ಕಿತ್ತು, ಉಗುಳು ಹಚ್ಚಿ ಒರೆಸಿ, ಬಿಸಿಲಿಗೆ ಹಿಡಿದು ನೋಡಿದರು. “ಚಲೋ ಬಣ್ಣದ್ದ ಐತ್ರಿ ಇದು,” ಎಂದರು.