ಸ್ಕ್ರೂ ಇಲ್ಲದಿದ್ದರೆ ಪೆಟ್ಟಿಗೆಯ ಮುಚ್ಚಳ ಬಿಚ್ಚಿಕೊಂಡು ಬೀಳುವುದಿಲ್ಲವೇ?

ಬೀಳುವುದಿಲ್ಲ.

ಉತ್ತರ ಇಷ್ಟೇ. ಆದರೆ ಕೇಳಿದವರು ಇಷ್ಟಕ್ಕೆ ಬಿಡುವುದಿಲ್ಲ ಎಂಬುದು ಅನುಭವದಿಂದ ಗೊತ್ತಿರುವುದರಿಂದ ಬರೆದೇ ಇಡುತ್ತಿದ್ದೇನೆ. ಇನ್ನು ಮುಂದೆ ಯಾರಾದರೂ ಮದುವೆಯ ಊಟದ ಸಾಲಿನಲ್ಲಿ ಪಕ್ಕಕ್ಕೆ ಕುಳಿತು ಕೇಳಿದರೆ ಇದನ್ನೇ ಓದಿ ಎನ್ನುತ್ತೇನೆ.

ಬೆಳಗಾವಿಯ ಉದ್ಯಮಬಾಗದಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳಿಗೆ ಪ್ಲಾಸ್ಟಿಕ್ ಪೆಟ್ಟಿಗೆ ವಿನ್ಯಾಸ ಮಾಡುವುದು ನನ್ನ ಕಸುಬು. ನೀರಿನ ಟ್ಯಾಂಕಿನ ಕಂಟ್ರೋಲರ್, ಹಾಲಿನ ಡೇರಿಯಲ್ಲಿ ತೂಕ ತೋರಿಸುವ ಡಿಸ್‌ಪ್ಲೇ, ಹೊಲದ ಪಂಪನ್ನು ದೂರದಿಂದಲೇ ಫೋನಿನಲ್ಲಿ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್, ಇಂಥವು. ಸಾಧ್ಯವಿರುವಲ್ಲೆಲ್ಲ ಸ್ಕ್ರೂ ಬಿಟ್ಟು, ಮುಚ್ಚಳ ಕೊಕ್ಕೆಯ ಮೇಲೆ ಕೂರುವಂತೆ ಮಾಡುತ್ತೇನೆ. ಕೊಕ್ಕೆ ಎಂದರೆ ತುದಿಯಲ್ಲಿ ಮೂಗಿರುವ ಪ್ಲಾಸ್ಟಿಕ್ ನಾಲಿಗೆ; ಒತ್ತಿದರೆ ಬಾಗಿ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಜನ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು, ಮಗುಚಿ ನೋಡಿ, ಸ್ಕ್ರೂ ಕಾಣದೆ, ಮೊದಲು ಈ ಪ್ರಶ್ನೆ ಕೇಳುತ್ತಾರೆ. ಆಮೇಲೆ ಕಣ್ಣು ಮಿಟುಕಿಸಿ ಎರಡನೆಯದು: 'ದುಡ್ಡು ಉಳಿಸಿದ್ದೀರಿ ಅಲ್ಲವೇ?'

ಮೊದಲು ಎರಡನೆಯದನ್ನು ಮುಗಿಸುತ್ತೇನೆ, ಏಕೆಂದರೆ ನನಗೆ ಸಿಟ್ಟು ಬರುವುದು ಅದಕ್ಕೇ. ನಾಲ್ಕು ಸ್ಕ್ರೂಗಳಿಗೆ ಏನು ಮಹಾ ಬೆಲೆ? ಕೊಕ್ಕೆ ಇಟ್ಟರೆ ಸಾಚಾದ, ಅಂದರೆ ಪ್ಲಾಸ್ಟಿಕ್ ಕರಗಿಸಿ ತುಂಬುವ ಉಕ್ಕಿನ ಅಚ್ಚಿನ, ಖರ್ಚು ಏರುತ್ತದೆ. ಕೊಕ್ಕೆಯ ಮೂಗು ಒಳಕ್ಕೆ ಬಾಗಿರುತ್ತದೆ. ಸಾಚಾ ನೇರವಾಗಿ ತೆರೆದುಕೊಂಡರೆ ಆ ಮೂಗು ಉಕ್ಕಿಗೆ ಸಿಕ್ಕಿ ಕಿತ್ತುಬರುತ್ತದೆ. ಅದಕ್ಕಾಗಿ ಸಾಚಾದೊಳಗೆ ಅಡ್ಡ ಸರಿಯುವ ಸ್ಲೈಡ್ ಕೂರಿಸಬೇಕು. ಇಲ್ಲವೇ ಮೂಗಿನ ಕೆಳಗೆ ತೂತು ಬಿಟ್ಟು, ಉಕ್ಕು ಆ ಕಡೆಯಿಂದ ಬರುವಂತೆ ಮಾಡಬೇಕು. ತೂತು ಬಿಟ್ಟರೆ ಇರುವೆ ಬರುತ್ತದೆ, ದೂಳು ಬರುತ್ತದೆ. ಜೋಡಣೆಯ ಮೇಜಿನ ಮೇಲೆ ಸಮಯ ಉಳಿಯುತ್ತದೆ, ನಿಜ. ಆದರೆ ಕಡಿಮೆ ಮಾಲು ಮಾಡುವವರಿಗೆ ಸ್ಕ್ರೂ ಹಾಕುವುದೇ ಅಗ್ಗ. ಇದನ್ನು ನನ್ನ ಗಿರಾಕಿಗಳಿಗೆ ನಾನೇ ಹೇಳುತ್ತೇನೆ.

ಇನ್ನು ಸ್ಕ್ರೂವಿನ ಮೇಲೆ ಇರುವ ಈ ಭಕ್ತಿ. ಅಗ್ಗದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸ್ಕ್ರೂ ಹಿಡಿದುಕೊಳ್ಳುವುದು ಲೋಹವನ್ನಲ್ಲ, ಪ್ಲಾಸ್ಟಿಕ್ ಕಂಬದೊಳಗೆ ತಾನೇ ಕೊರೆದುಕೊಂಡ ಮರೆಯನ್ನು, ಅಂದರೆ ತಿರುಪಿನ ಸುತ್ತುಗೀರನ್ನು. ಬಿಚ್ಚಿ ಮತ್ತೆ ತಿರುಗಿಸುವಾಗ ಹಳೆಯ ಮರೆಗೇ ಕೂತರೆ ಸರಿ. ಇಲ್ಲದಿದ್ದರೆ ಹೊಸದು ಕೊರೆಯುತ್ತದೆ. ಕೆಲವು ಸಲ ಹೀಗಾದರೆ ತೂತು ಸವೆದು, ಸ್ಕ್ರೂ ಕೂತಲ್ಲೇ ತಿರುಗುತ್ತದೆ. ಕಂಬದೊಳಗೆ ಹಿತ್ತಾಳೆಯ ಇನ್ಸರ್ಟ್ (ಒಳಗೆ ಮರೆ ಇರುವ ಪುಟ್ಟ ಕೊಳವೆ) ಹಾಕಿದರೆ ಈ ಕಾಟವಿಲ್ಲ, ಆದರೆ ದುಡ್ಡು ಉಳಿಸಲು ಅದನ್ನೇ ಮೊದಲು ಬಿಡುತ್ತಾರೆ.

'ಹಾಗಾದರೆ ನಮ್ಮ ಮನೆಯ ಟಿವಿ ರಿಮೋಟ್ ನೋಡಿ' ಎನ್ನುತ್ತಾರೆ. ನೋಡಿದ್ದೇನೆ. ಹಿಂದಿನ ಮುಚ್ಚಳ ಹೋಗಿ, ಸೆಲ್‌ಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿರುವ ರಿಮೋಟ್ ಎಲ್ಲರ ಮನೆಯಲ್ಲಿದೆ. ಆ ಮುಚ್ಚಳ ಸಿಕ್ಕರೆ ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಕೊಕ್ಕೆಯ ನಾಲಿಗೆ ಗಿಡ್ಡವಾಗಿರುತ್ತದೆ, ದಪ್ಪವಾಗಿರುತ್ತದೆ, ಬುಡದಲ್ಲಿ ಚೂಪಾದ ಮೂಲೆ ಇರುತ್ತದೆ, ಮುರಿದಿರುವುದು ಸರಿಯಾಗಿ ಆ ಮೂಲೆಯಲ್ಲಿ. ದಪ್ಪವಿದ್ದರೆ ಗಟ್ಟಿ ಎಂದುಕೊಂಡವರು ಮಾಡಿದ ಕೆಲಸ ಅದು. ಕೊಕ್ಕೆ ಬಾಗಬೇಕು. ಎಷ್ಟು ಬಾಗಬಹುದು ಎಂಬುದು ಅದರ ಉದ್ದದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ, ದಪ್ಪಕ್ಕೆ ತಕ್ಕಂತೆ ಕುಗ್ಗುತ್ತದೆ. ಎಬಿಎಸ್ ಪ್ಲಾಸ್ಟಿಕ್ ಶೇ. 2ರಷ್ಟು ಹಿಗ್ಗುವುದನ್ನು ತಾಳುತ್ತದೆ ಎಂದು ಲೆಕ್ಕ ಹಿಡಿದರೆ, 10 ಮಿಲಿಮೀಟರ್ ಉದ್ದ, 1.5 ಮಿಲಿಮೀಟರ್ ದಪ್ಪದ ನಾಲಿಗೆಯ ತುದಿ ಸುಮಾರು 0.9 ಮಿಲಿಮೀಟರ್ ಬಾಗುತ್ತದೆ. ಉದ್ದವನ್ನು 15ಕ್ಕೆ ಏರಿಸಿದರೆ ಅದೇ ತುದಿ 2 ಮಿಲಿಮೀಟರ್ ಬಾಗುತ್ತದೆ. ಐದು ಮಿಲಿಮೀಟರ್ ಜಾಗ ಕೊಟ್ಟಿದ್ದರೆ ನಿಮ್ಮ ರಿಮೋಟಿನ ಮುಚ್ಚಳ ಇಂದಿಗೂ ಇರುತ್ತಿತ್ತು. ತುದಿಯ ಕಡೆಗೆ ನಾಲಿಗೆಯನ್ನು ಅರ್ಧ ದಪ್ಪಕ್ಕೆ ಇಳಿಸಿದರೆ ಇನ್ನೂ ಅರ್ಧದಷ್ಟಕ್ಕಿಂತ ಹೆಚ್ಚು ಬಾಗು ಪುಕ್ಕಟೆ ಸಿಗುತ್ತದೆ. ಬುಡದ ಮೂಲೆಯನ್ನು, ದಪ್ಪದ ಅರ್ಧದಷ್ಟಾದರೂ ತ್ರಿಜ್ಯ ಕೊಟ್ಟು, ದುಂಡಗೆ ಮಾಡಬೇಕು. ಮುಚ್ಚಳ ಕೂತ ಮೇಲೆ ನಾಲಿಗೆ ಪೂರ್ತಿ ನೆಟ್ಟಗಾಗಿ ವಿಶ್ರಾಂತಿಯಲ್ಲಿರಬೇಕು. ಬಾಗಿದ ಸ್ಥಿತಿಯಲ್ಲೇ ಕೂತಿದ್ದರೆ ಪ್ಲಾಸ್ಟಿಕ್ ನಿಧಾನವಾಗಿ ಆ ಬಾಗಿಗೇ ಒಗ್ಗಿಹೋಗಿ ಹಿಡಿತ ಬಿಡುತ್ತದೆ.

ನೈಲಾನ್ ಬಗ್ಗೆ ಒಂದು ಮಾತು, ಏಕೆಂದರೆ ನಮ್ಮ ಕಡೆಯ ಹವೆಗೆ ಅದು ಬಹಳ ಸಂಬಂಧಿಸಿದ್ದು. ನೈಲಾನ್ ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಕೊಕ್ಕೆ ಚಿವುಟಿದರೂ ಮುರಿಯದು. ಸಾಚಾದಿಂದ ಆಗಷ್ಟೇ ಬಿದ್ದದ್ದು ಒಣಗಿದ ಕಡ್ಡಿಯಂತೆ ಪಟಕ್ಕನೆ ಹೋಗುತ್ತದೆ. ಬೆಳಗಾವಿಯ ಜುಲೈ ಮಳೆಯಲ್ಲಿ ಇಟ್ಟು ಪರೀಕ್ಷಿಸಿದ ಮಾಲನ್ನು ವಿಜಯಪುರದ ಏಪ್ರಿಲ್ ಬಿಸಿಲಿಗೆ ಕಳಿಸಿ ಎರಡೂ ಒಂದೇ ಎಂದು ನಂಬಬಾರದು.

ಕೊಕ್ಕೆಯ ಮೂಗಿಗೆ ಎರಡು ಇಳಿಜಾರು. ಒಳಗೆ ಹೋಗುವ ಕಡೆ 30 ಡಿಗ್ರಿಯ ಆಸುಪಾಸು, ಸಲೀಸಾಗಿ ಜಾರಲಿ ಎಂದು. ಹೊರಗೆ ಬರುವ ಕಡೆ 45 ಡಿಗ್ರಿ ಇಟ್ಟರೆ ಎಳೆದಾಗ ಬಿಡುತ್ತದೆ, 90 ಡಿಗ್ರಿ ಇಟ್ಟರೆ ಎಳೆದರೆ ಬಿಡುವುದೇ ಇಲ್ಲ, ಪಕ್ಕಕ್ಕೆ ಒತ್ತಿ ಸರಿಸಬೇಕು. ಒತ್ತುವುದಕ್ಕೆ ಜಾಗವನ್ನೇ ಕೊಡದಿದ್ದರೆ ಆ ಪೆಟ್ಟಿಗೆ ಮುಚ್ಚಿದ್ದು ಮುಚ್ಚಿದಂತೆಯೇ. ಮೊಬೈಲ್ ಚಾರ್ಜರ್‌ಗಳಲ್ಲಿ ಹಲವಕ್ಕೆ ಸ್ಕ್ರೂವೂ ಇಲ್ಲ, ಕೊಕ್ಕೆಯೂ ಇಲ್ಲ. ಕಿವಿಗೆ ಕೇಳದ ಕಂಪನದಿಂದ ಪ್ಲಾಸ್ಟಿಕ್ ಕರಗಿಸಿ ಅಂಟಿಸುವ ಅಲ್ಟ್ರಾಸಾನಿಕ್ ಬೆಸುಗೆಯಿಂದ ಎರಡು ಹೋಳನ್ನು ಒಂದಾಗಿಸಿರುತ್ತಾರೆ, ಒಡೆಯದೆ ತೆರೆಯಲಾಗದು. ಅದರ ಪಾಪವನ್ನೂ ನನ್ನ ತಲೆಗೆ ಕಟ್ಟುತ್ತಾರೆ. ನಾನು ಹೇಳುತ್ತಿರುವುದು ಸುಲಭವಾಗಿ ತೆರೆಯುವ ಪೆಟ್ಟಿಗೆಯ ವಿಷಯ. 2000ದಲ್ಲಿ ಬಂದ ನೋಕಿಯಾ 3310ರ ಹಿಂಬದಿಯ ಕವರ್ ತೆಗೆದು ಬ್ಯಾಟರಿ ಬದಲಿಸಲು ಯಾರಾದರೂ ಸ್ಕ್ರೂಡ್ರೈವರ್ ಹುಡುಕಿದ್ದುಂಟೇ? 'ಬಿದ್ದರೆ ಮೂರು ತುಂಡಾಗುತ್ತಿತ್ತು' ಎನ್ನುತ್ತೀರಿ. ಆಗುತ್ತಿತ್ತು, ಮತ್ತೆ ಜೋಡಿಸಿ ಮಾತನಾಡುತ್ತಿದ್ದಿರಿ. ಪೆಟ್ಟು ಬಿದ್ದಾಗ ಕೊಕ್ಕೆ ಮುರಿಯದೆ ಬಿಟ್ಟುಕೊಡುತ್ತಿತ್ತು. ಆ ಬಿಟ್ಟುಕೊಡುವಿಕೆಯನ್ನು ಯಾರೋ ಕುಳಿತು ಲೆಕ್ಕಹಾಕಿ ಇಟ್ಟಿರಬೇಕು. ಬ್ಯಾಟರಿಯನ್ನು ಬಳಸುವವನೇ ತೆಗೆಯುವಂತಿರಬೇಕು ಎಂದು ಯುರೋಪಿನ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. ಸುಲಭವಾಗಿ ಹೊತ್ತೊಯ್ಯಬಲ್ಲ ಬ್ಯಾಟರಿಗಳಿರುವ ಉಪಕರಣಗಳಿಗೆ ಅದು 2027ರ ಫೆಬ್ರುವರಿಯಿಂದ ಅನ್ವಯವಾಗುತ್ತದೆ.

ಈಗ ಮೂಡಲಗಿ ಕಡೆಯ ಒಂದು ಕಬ್ಬಿನ ಹೊಲದ ಮಾತು. ಯಾರು ಈ ಪ್ರಶ್ನೆ ಕೇಳಿದರೂ ನನಗೆ ನೆನಪಾಗುವುದು ಆ ಪಂಪಿನ ಮನೆ. ನಾನು ಹೊಸ ಮೊಬೈಲ್ ಸ್ಟಾರ್ಟರ್‌ನ ಮಾದರಿ ಪೆಟ್ಟಿಗೆ ತೆಗೆದುಕೊಂಡು ಹೋಗಿದ್ದೆ. ಹೊಲದ ಯಜಮಾನರು ಹಿರಿಯರು. ಪೆಟ್ಟಿಗೆಯನ್ನು ನಾಲ್ಕೂ ಕಡೆ ತಿರುಗಿಸಿ, 'ತಮ್ಮಾ, ಇದಕ್ಕೆ ಒಂದೂ ಸ್ಕ್ರೂ ಇಲ್ಲವಲ್ಲ, ಹೇಗೆ ನಿಲ್ಲುತ್ತದೆ?' ಎಂದರು. ಅವರ ಹಿಂದೆಯೇ ಗೋಡೆಯ ಮೇಲೆ ಅವರ ಹಳೆಯ ಸ್ಟಾರ್ಟರ್ ಇತ್ತು. ನಾಲ್ಕು ಸ್ಕ್ರೂಗಳ ಪೆಟ್ಟಿಗೆ. ನಾಲ್ಕೂ ಇರಲಿಲ್ಲ. ಮುಚ್ಚಳವನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದ್ದರು. ಮೂಲೆಯ ಸಂದಿಯಿಂದ ಒಳಹೊಕ್ಕ ಹಲ್ಲಿಯೊಂದು, ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಪಕ್ಕದಲ್ಲಿ ಸುಟ್ಟು ಕರಿಕಾಗಿ ಅಂಟಿಕೊಂಡಿತ್ತು.

'ಸ್ಕ್ರೂಗಳು ಎಲ್ಲಿ ಹೋದವು, ಕಾಕಾ?' ಎಂದೆ.

'ರಾತ್ರಿ ಬಿಚ್ಚುತ್ತೇವೆ. ಹುಲ್ಲಿನಲ್ಲಿ ಬಿದ್ದರೆ ಸಿಗುತ್ತವೆಯೇ?'

ರಾತ್ರಿ ಏಕೆ ಎಂದು ಕೇಳುವ ಅಗತ್ಯವಿರಲಿಲ್ಲ. ತ್ರೀ ಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ, ರಾತ್ರಿ ಬಂದರೆ ರಾತ್ರಿಯೇ ನೀರು ಬಿಡಬೇಕು. ಪೆಟ್ಟಿಗೆಯನ್ನು ಪದೇ ಪದೇ ತೆರೆಯುವುದು ಏಕೆ ಎಂದು ಕೇಳಿದೆ. ಸಿಮ್ ಬದಲಿಸಲು. ಒಂದು ಕಂಪನಿಯ ಸಿಗ್ನಲ್ ಹೋದರೆ ಇನ್ನೊಂದರ ಸಿಮ್ ಹಾಕುತ್ತಾರೆ. ಹೇಗೆ ತೆರೆಯುತ್ತೀರಿ ಎಂದೆ, ತೋರಿಸಿದರು. ಟಾರ್ಚನ್ನು ಕಂಕುಳಲ್ಲಿ ಅವುಚಿಕೊಂಡು, ಎಡಗೈಯಲ್ಲಿ ಮುಚ್ಚಳ, ಬಲಗೈಯಲ್ಲಿ ಟೆಸ್ಟರ್. ಟೆಸ್ಟರ್ ತುದಿಯಿಂದ ಹಳೆಯ ಸಿಮ್ ಎಬ್ಬಿಸುತ್ತಾರೆ. ಸಿಮ್ ಕೂರುವ ಜಾಗಕ್ಕೂ 415 ವೋಲ್ಟಿನ ಟರ್ಮಿನಲ್‌ಗಳಿಗೂ ನಡುವೆ ನಾಲ್ಕು ಬೆರಳಿನ ಅಂತರ, ಮಧ್ಯೆ ಗೋಡೆಯಿಲ್ಲ.

'ಮೇನ್ ಇಳಿಸಿರುತ್ತೀರಿ ತಾನೇ?'

'ಇಳಿಸಿದರೆ ಸಿಗ್ನಲ್ ಲೈಟೂ ಹೋಗುತ್ತದೆ. ಸಿಮ್ ಹಿಡಿಯಿತೋ ಇಲ್ಲವೋ ಗೊತ್ತಾಗುವುದು ಹೇಗೆ?'

ಅವರು ದಡ್ಡರಲ್ಲ. ಆ ಪೆಟ್ಟಿಗೆಯನ್ನು ಮಾಡಿದವರು ಇದೊಂದನ್ನೂ ಯೋಚಿಸದೆ ನಾಲ್ಕು ಸ್ಕ್ರೂ ಹಾಕಿ, ಭದ್ರವಾಯಿತು ಎಂದುಕೊಂಡು ಕೈತೊಳೆದುಕೊಂಡಿದ್ದರು. ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತ ಮನುಷ್ಯನನ್ನು ಸ್ಕ್ರೂ ಕಾಪಾಡಲಿಲ್ಲ. ಅದು ಮಾಡಿದ್ದು ಇಷ್ಟೇ: ಅವರ ಕೈಗೆ ಒಂದು ಕಬ್ಬಿಣದ ಸಲಕರಣೆ ಕೊಟ್ಟು ಕತ್ತಲಲ್ಲಿ ಒಳಗೆ ಕಳಿಸಿತು.

ಹಾಗಾಗಿ, ಗಟ್ಟಿಯೋ ಅಲ್ಲವೋ ಎಂದು ಕೇಳುವವರು ನನ್ನನ್ನು ಕೇಳಬೇಕಾದದ್ದು ಬೇರೆ. ಈ ಪೆಟ್ಟಿಗೆಯನ್ನು ಯಾರು ತೆರೆಯುತ್ತಾರೆ? ಯಾವ ಹೊತ್ತಿನಲ್ಲಿ? ಯಾವುದಕ್ಕಾಗಿ? ತೆರೆದೊಡನೆ ಅವರ ಬೆರಳು ಮೊದಲು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗಳಿಗೆ ನಾನು ಗಂಟೆಗಟ್ಟಲೆ ಬೇಸರವಿಲ್ಲದೆ ಉತ್ತರ ಕೊಡುತ್ತೇನೆ, ಚಹಾ ಕೂಡ ನನ್ನದೇ.

ಆ ಸ್ಟಾರ್ಟರ್‌ಗೆ ನಾನು ಮಾಡಿದ್ದು ಹೀಗೆ. ಸಿಮ್ ಮತ್ತು ಸಿಗ್ನಲ್ ದೀಪಕ್ಕೆ ಬೇರೆಯದೇ ಗೂಡು. ಅದರ ಹಿಂದೆ ತೂತಿಲ್ಲದ ಗೋಡೆ. ಆ ಗೂಡಿನ ಪುಟ್ಟ ಬಾಗಿಲು ಹೆಬ್ಬೆರಳಿನಿಂದ ಒತ್ತಿದರೆ ತೆರೆಯುತ್ತದೆ, ಕೈಯಲ್ಲಿ ಕೆಸರಿದ್ದರೂ ತೆರೆಯುತ್ತದೆ, ಮತ್ತು ಒಂದು ಪಟ್ಟಿಗೆ ಜೋತುಬಿದ್ದಿರುವುದರಿಂದ ಹುಲ್ಲಿಗೆ ಬೀಳುವುದಿಲ್ಲ. ಮೇನ್ ಚಾಲೂ ಇದ್ದರೂ ಅಲ್ಲಿ ಮುಟ್ಟಬಾರದ್ದು ಏನೂ ಇಲ್ಲ. 415 ವೋಲ್ಟಿನ ಭಾಗದ ಮುಚ್ಚಳಕ್ಕೂ ಸ್ಕ್ರೂ ಇಲ್ಲ. ಆದರೆ ಅದು ಕೈಯಿಂದ ತೆರೆಯುವುದಿಲ್ಲ. ದೊಡ್ಡ ಪ್ಯಾನೆಲ್ ಬೋರ್ಡುಗಳಲ್ಲಿ ಇರುವಂತೆ, ಸ್ವಿಚ್ಚಿನ ಹಿಡಿಕೆ ಆಫ್ ಸ್ಥಾನಕ್ಕೆ ಬಂದ ಹೊರತು ಮುಚ್ಚಳ ಅಲುಗುವುದಿಲ್ಲ. ಆಫ್ ಆದ ಮೇಲೂ ಎರಡು ಸೀಳುಗಳಲ್ಲಿ ಚಪ್ಪಟೆ ಉಪಕರಣ ತೂರಿಸಿ ಒತ್ತಬೇಕು. ಸೀಳಿನ ಹಿಂದೆ ಅಡ್ಡಗೋಡೆ ಇದೆ. ಟೆಸ್ಟರ್ ತೂರಿಸಿದರೂ ತುದಿ ಅಲ್ಲೇ ನಿಲ್ಲುತ್ತದೆ, ಬೋರ್ಡಿಗೆ ತಾಗುವುದಿಲ್ಲ.

ಸ್ಕ್ರೂ ಇಲ್ಲ ಎಂದರೆ ಉಪಕರಣವೇ ಬೇಡ ಎಂದರ್ಥವಲ್ಲ. ಗೃಹೋಪಯೋಗಿ ಉಪಕರಣಗಳ ಸುರಕ್ಷತೆಯ ಅಂತರರಾಷ್ಟ್ರೀಯ ಮಾನಕ ಐಇಸಿ 60335 ಕೊಕ್ಕೆಯನ್ನು ಬೇಡ ಎನ್ನುವುದಿಲ್ಲ. ಕರೆಂಟಿನಿಂದ ಕಾಪಾಡುವ ಮುಚ್ಚಳವನ್ನು ಕೊಕ್ಕೆಯಿಂದ ಕೂರಿಸಿದರೆ, ಅದು ಪೂರ್ತಿ ಕೂತಿದೆ ಎಂಬುದು ನೋಡಿದೊಡನೆ ತಿಳಿಯಬೇಕು ಎನ್ನುತ್ತದೆ. ರಿಪೇರಿಗೆ ಬಿಚ್ಚುವ ಭಾಗವಾದರೆ 10 ಸಲ ಬಿಚ್ಚಿ ಹಾಕಿ, ಆಮೇಲೆ ಬಲ ಪರೀಕ್ಷೆ ಮಾಡಿ ಎನ್ನುತ್ತದೆ. ಪರೀಕ್ಷೆಗೆ 12 ಮಿಲಿಮೀಟರ್ ದಪ್ಪ, 80 ಮಿಲಿಮೀಟರ್ ಉದ್ದದ, ಗೆಣ್ಣುಗಳಿರುವ ಕೃತಕ ಬೆರಳೂ ಇದೆ. ಅದನ್ನು ಸಂದಿಯಲ್ಲಿ ತೂರಿಸಿ, ಮನುಷ್ಯನ ಬೆರಳು ಎಲ್ಲಿಯವರೆಗೆ ಹೋಗಬಹುದೆಂದು ನೋಡುತ್ತಾರೆ. ಪ್ಲಗ್ ಕಿತ್ತರೆ ಆಯಿತು ಎನ್ನುವವರಿಗೂ ಒಂದು ಮಾತು: 230 ವೋಲ್ಟಿನ ಎಸಿಯನ್ನು ಒಳಗೆ ಡಿಸಿಯಾಗಿ ಬದಲಿಸಿದಾಗ, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಮೇಲೆ ಸುಮಾರು 325 ವೋಲ್ಟ್ ಕೂತಿರುತ್ತದೆ, ಪ್ಲಗ್ ಕಿತ್ತ ತಕ್ಷಣ ಅದು ಇಳಿದುಹೋಗಬೇಕೆಂದೇನೂ ಇಲ್ಲ. ಅದಕ್ಕೇ ಆ ಭಾಗ ತೆರೆಯಲು ತುಸು ತಡವಾಗುವಂತೆ ಬೇಕೆಂದೇ ಮಾಡುತ್ತೇನೆ.

ನಾನು ಒಪ್ಪಿಕೊಂಡು ಸ್ಕ್ರೂ ಹಾಕುವ ಒಂದು ಜಾಗ ಮಕ್ಕಳ ಆಟಿಕೆ. ಗುಂಡಿಯಂಥ ಚಪ್ಪಟೆ ಸೆಲ್ ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ಅಲ್ಲಿ ಸುಲಭವಾಗಿ ತೆರೆಯುವುದೆಂಬ ಮಾತೇ ತಪ್ಪು. ಸ್ಕ್ರೂ ಬೇಕು, ಇಲ್ಲವೇ ಎರಡು ಬೇರೆ ಬೇರೆ ಒತ್ತುಗಳನ್ನು ಒಟ್ಟಿಗೆ ಕೊಟ್ಟರೆ ಮಾತ್ರ ತೆರೆಯುವ ಬಾಗಿಲು ಬೇಕು. ನಾನು ಸ್ಕ್ರೂವನ್ನೇ ಹಾಕುತ್ತೇನೆ, ಮುಚ್ಚಳದಿಂದ ಕಳಚಿ ಬೀಳದಂಥದ್ದನ್ನು.

ಈಗ ಮೇಜಿನ ಮೇಲಿರುವುದು ಹಾಲಿನ ಡೇರಿಯ ಡಿಸ್‌ಪ್ಲೇ. ಅದನ್ನು ಮಾಡಿಸುತ್ತಿರುವವರು ಕಳೆದ ವಾರ ಮಾದರಿ ನೋಡಿ, ಕೊಕ್ಕೆಯನ್ನು ತೆರೆದು ಮುಚ್ಚಿ, ಎಲ್ಲ ಒಪ್ಪಿದರು. ಕೊನೆಗೆ, 'ನಾಲ್ಕು ಮೂಲೆಗೂ ಸ್ಕ್ರೂವಿನ ತಲೆಯಂಥ ಗುರುತು ಹಾಕಿಬಿಡಿ, ಗಿರಾಕಿಗಳಿಗೆ ನಂಬಿಕೆ ಬರುತ್ತದೆ' ಎಂದರು. ಆಗುವುದಿಲ್ಲ ಎಂದೆ. ಸ್ಕ್ರೂವಿನ ತಲೆ ಕಂಡರೆ ಯಾರೋ ಒಬ್ಬರು ಟೆಸ್ಟರ್ ಇಟ್ಟು ತಿರುಗಿಸುತ್ತಾರೆ. ತಿರುಗದಿದ್ದರೆ ಇನ್ನೂ ಬಲವಾಗಿ ಒತ್ತುತ್ತಾರೆ. ಪ್ಲಾಸ್ಟಿಕ್ ಸೀಳಿ ತುದಿ ಒಳಗೆ ಹೋಗುತ್ತದೆ. ಅದರ ಬದಲು, ಒತ್ತಬೇಕಾದ ಜಾಗದಲ್ಲಿ ಉಬ್ಬು ಬಾಣದ ಗುರುತು ಹಾಕಿ, 'ಇಲ್ಲಿ ಒತ್ತಿ' ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಕೊರೆಸುತ್ತೇನೆ ಎಂದಿದ್ದೇನೆ. ಯೋಚಿಸಿ ಹೇಳುತ್ತೇನೆ ಎಂದು ಹೋದವರು ಇನ್ನೂ ಹೇಳಿಲ್ಲ. ಅವರು ಹೇಳುವವರೆಗೆ ಸಾಚಾದ ಉಕ್ಕನ್ನು ಮುಟ್ಟುವುದಿಲ್ಲ.