ಬಳಪ ತಿನ್ನುತ್ತಿದ್ದ ಹುಡುಗಿ

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಲು ತೊಡಗಿದ ಮೊದಲ ವರ್ಷ, ಮೂರನೆಯ ತರಗತಿಯ ಹುಡುಗಿಯೊಬ್ಬಳು ಕದ್ದು ಬಳಪ ತಿನ್ನುತ್ತಿದ್ದಳು. ತುಟಿಯಂಚಿನಲ್ಲಿ ಬಿಳಿ ಪುಡಿ ಅಂಟಿರುತ್ತಿತ್ತು; ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಹನ್ನೊಂದು ಗಂಟೆಯಾಗುತ್ತಲೇ ಮಂಡಿಗೆ ತಲೆಯಾನಿಸಿ ಕೂತುಬಿಡುವಳು, ಪಕ್ಕದವರು ಮುಟ್ಟಿದರೆ ರೇಗುವಳು, ನಿನ್ನೆ ಒಪ್ಪಿಸಿದ ಮಗ್ಗಿಯನ್ನು ಇಂದು ಮರೆತಿರುವಳು. ಕೆಟ್ಟ ಚಾಳಿ, ಸೋಮಾರಿತನ ಎಂದು ನಾನೂ ಗದರಿದೆ. ತಪಾಸಣೆಗೆ ಬಂದ ವೈದ್ಯರು ಅವಳ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ತೋರಿಸಿದಾಗ, ಕೆಂಪಗಿರಬೇಕಾದ ಒಳಭಾಗ ಪೂರಾ ಬಿಳಚಿಕೊಂಡಿತ್ತು.

ಮಣ್ಣು, ಸುಣ್ಣ, ಬಳಪಗಳನ್ನು ತಿನ್ನುವ ಚಪಲ ಕಬ್ಬಿಣಾಂಶದ ಕೊರತೆಯಿರುವ ಅನೇಕ ಮಕ್ಕಳಲ್ಲಿ ಕಾಣುತ್ತದೆ ಎಂಬುದು ನನಗೆ ತಿಳಿದದ್ದು ಅಂದೇ. ಕಬ್ಬಿಣ ಬೇಕಾಗುವುದು ರಕ್ತಕ್ಕೆ ಮಾತ್ರವಲ್ಲ. ಮೆದುಳಿನಲ್ಲಿ ಸಂದೇಶ ಸಾಗಿಸುವ ಡೋಪಮೈನ್ ತಯಾರಾಗುವುದಕ್ಕೂ, ನರತಂತುಗಳ ಹೊದಿಕೆ ಬೆಳೆಯುವುದಕ್ಕೂ ಅದು ಬೇಕು. ಹಾಗಾಗಿ ಅದು ಕಡಿಮೆಯಾದ ಮಗುವಿನಲ್ಲಿ ಆಯಾಸದ ಜೊತೆಗೆ ಗಮನ, ನೆನಪು, ತಾಳ್ಮೆಗಳೂ ಕುಂದಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಆ ಮಕ್ಕಳೇ ಮುಂದೆ ನಮ್ಮ ಒಂದನೆಯ ತರಗತಿಗೆ ಬಂದು ಕೂರುತ್ತಾರೆ.

ಹುಡುಗಿಯ ತಾಯಿ ನಸುಕಿನಲ್ಲೇ ಕೂಲಿಗೆ ಹೋಗುತ್ತಿದ್ದರಿಂದ ಬೆಳಗಿನ ಆಹಾರವೆಂದರೆ ಚಹಾ ಮತ್ತು ಬನ್ನು. ಊಟದ ಜೊತೆಗೆ ಕುಡಿದ ಚಹಾ ಧಾನ್ಯ, ಸೊಪ್ಪುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಅದೇ ಮೊಳಕೆ ಕಟ್ಟಿದ ಹೆಸರುಕಾಳಿಗೆ ಒಂದು ಹೋಳು ನಿಂಬೆ ಹಿಂಡಿದರೆ ಹೀರಿಕೆ ಹೆಚ್ಚುತ್ತದೆ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, 2013ರ ಕ್ಷೀರಭಾಗ್ಯದ ಹಾಲು, ಆಮೇಲೆ ಬಂದ ಮೊಟ್ಟೆ, ಇವೆಲ್ಲವನ್ನೂ ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು, ಜಂತುಹುಳುವಿನ ಅಲ್ಬೆಂಡಜೋಲ್ ಮಾತ್ರೆಯನ್ನು ಮಕ್ಕಳು ಕಣ್ಣೆದುರಿಗೇ ನುಂಗುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ತುಂಟತನಕ್ಕೆಲ್ಲ ಊಟವೇ ಕಾರಣವೆಂದು ನಾನು ಹೇಳುತ್ತಿಲ್ಲ. ಸಕ್ಕರೆ ತಿಂದರೆ ಮಕ್ಕಳು ಹದ್ದುಮೀರುತ್ತಾರೆಂಬ ನಂಬಿಕೆ ಪರೀಕ್ಷೆಗಳಲ್ಲಿ ನಿಂತಿಲ್ಲ. ಕಣ್ಣು, ಕಿವಿಯ ದೋಷ, ನಿದ್ದೆಗೇಡು, ಮನೆಯ ಜಗಳಗಳನ್ನೂ ವಿಚಾರಿಸಲೇಬೇಕು. ಆದರೆ ದಡ್ಡ ಎಂಬ ಹೆಸರಿಡುವ ಮೊದಲು, ಬೆಳಿಗ್ಗೆ ಏನು ತಿಂದೆ ಎಂದು ಕೇಳಲು ಒಂದು ನಿಮಿಷವೂ ಬೇಡ.

ವೈದ್ಯರು ಕೊಟ್ಟ ಔಷಧಿಯ ಮೂರನೆಯ ತಿಂಗಳಲ್ಲಿ ಆ ಹುಡುಗಿ ಬಳಪದ ಡಬ್ಬಿಯನ್ನು ತಾನೇ ತಂದು ನನ್ನ ಕೈಗಿಟ್ಟು, ಹದಿಮೂರರ ಮಗ್ಗಿ ಹೇಳಲೇ ಎಂದು ಕೇಳಿದಳು.